ಪುರಯೋಜನೆಯಲ್ಲಿ ಅಧಿಕಾರವಿಚಾರ

ಯಾವುದೊಂದು ಶಾಸ್ತ್ರವನ್ನು ಆರಂಭಿಸುವ ಮುನ್ನವೂ ನಾಲ್ಕು ಸಂಗತಿಗಳನ್ನು ವಿಚಾರಿಸಿಕೊಳ್ಳತಕ್ಕದ್ದೆಂಬುದು ಪ್ರಾಚೀನರ ಪದ್ಧತಿ. ಇದರಲ್ಲಿ ಹೇಳತಕ್ಕ ವಿಷಯವೇನು, ಇದರಿಂದಾಗುವ ಪ್ರಯೋಜನವೇನು, ಇವುಗಳಿಗೆ ಪರಸ್ಪರ ಸಂಬಂಧವೆಂತಹುದು, ಇದಕ್ಕೆ ಅಧಿಕಾರಿ ಯಾರು ಎಂಬ ಈ ನಾಲ್ಕಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ಪಾಠಶಾಲೆಯ ಬಾಲಕರು ಇದನ್ನು ಮೊದಲ ದಿನ ಬಾಯಿಪಾಠ ಮಾಡಿ ಎರಡನೆಯ ದಿನ ಮರೆಯುವುದು ವಾಡಿಕೆ. ಆದರೆ ಹೊಸ ಶಾಸ್ತ್ರವೊಂದು ಎದುರಿಗೆ ಬಂದು ನಿಂತಾಗ ಈ ಹಳೆಯ ಪ್ರಶ್ನೆಗಳ ಬೆಲೆ ತಿಳಿದುಬರುತ್ತದೆ.

ಅಂತಹ ಹೊಸ ಶಾಸ್ತ್ರಗಳಲ್ಲೊಂದು ನಗರ ಮತ್ತು ಪ್ರಾಂತಗಳ ಯೋಜನೆ. ದೆಹಲಿ, ಖರಗಪುರ, ಅಹಮದಾಬಾದು, ಮೈಸೂರು ಮೊದಲಾದೆಡೆಗಳ ವಿದ್ಯಾಸಂಸ್ಥೆಗಳಲ್ಲಿ ಪದವೀಧರರಾದ ತರುಣತರುಣಿಯರು ಎರಡು ವರ್ಷಗಳ ಕಾಲ ಇದನ್ನು ಅಭ್ಯಾಸಮಾಡಿ ಸ್ನಾತಕೋತ್ತರ ಪದವಿಯನ್ನು ಪಡೆಯುತ್ತಾರೆ. ವಾಸ್ತುಶಿಲ್ಪವನ್ನು ಓದಿದವರು, ಇಂಜಿನಿಯರುಗಳು, ಭೂಗೋಳವನ್ನೋ ಅರ್ಥಶಾಸ್ತ್ರವನ್ನೋ ಓದಿದವರು, ಎಲ್ಲರೂ ಒಂದೇ ಕೊಠಡಿಯಲ್ಲಿ ಕುಳಿತು ಒಂದು ಊರಿನ ಜನಸಂಖ್ಯೆ 20 ವರ್ಷಗಳ ಮೇಲೆ ಎಷ್ಟಾದೀತೆಂದು ಗುಣಿಸುವುದನ್ನೂ, ಅಷ್ಟು ಜನಕ್ಕೆ ಬೇಕಾಗುವ ನೀರು, ದಾರಿ, ಶಾಲೆ, ಸಂತೆ, ಸ್ಮಶಾನಗಳನ್ನು ಲೆಕ್ಕಹಾಕುವುದನ್ನೂ, ಕೊನೆಗೆ ಇವೆಲ್ಲವನ್ನೂ ಒಂದು ನಕ್ಷೆಯ ಮೇಲೆ ಬಣ್ಣಗಳಲ್ಲಿ ತೋರಿಸುವುದನ್ನೂ ಕಲಿಯುತ್ತಾರೆ. ಹೀಗಿರಲು ವಿಷಯ, ಪ್ರಯೋಜನ, ಸಂಬಂಧಗಳೆಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಷ್ಟವಲ್ಲ. ನಾಲ್ಕನೆಯದರಲ್ಲಿಯೇ ತೊಡಕು ಇರುವುದು. ಮತ್ತೊಬ್ಬರು ಎಲ್ಲಿ ಬಾಳಬೇಕೆಂಬುದನ್ನು ಬರೆಯುವುದಕ್ಕೆ ಯಾರು ಅಧಿಕಾರಿ?

ಪ್ರಶ್ನೆ ಕೇವಲ ತರ್ಕದ್ದಲ್ಲವೆಂಬುದಕ್ಕೆ ಆ ಬಣ್ಣಗಳೇ ಸಾಕ್ಷಿ. ಭಾರತದ ನಗರನಕ್ಷೆಗಳಲ್ಲಿ ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕಾರ್ಖಾನೆಗೆ ನೇರಿಳೆ, ಉದ್ಯಾನಕ್ಕೂ ಬಯಲಿಗೂ ಹಸುರು ಎಂದು ರೂಢಿ. ಊರ ಹೊರಗೆ ಅಕ್ಕಪಕ್ಕದಲ್ಲಿ ಎರಡು ಹೊಲಗಳಿವೆ ಎನ್ನೋಣ. ಒಂದೇ ಮಣ್ಣು, ಒಂದೇ ಮಳೆ, ಅಣ್ಣತಮ್ಮಂದಿರು ಪಾಲುಮಾಡಿಕೊಂಡ ನೆಲ. ಒಂದರ ಮೇಲೆ ಹಳದಿ ಬಿದ್ದರೆ ಅಣ್ಣನು ಅದನ್ನು ನಿವೇಶನಗಳಾಗಿ ಮಾರಿ ಧನಿಕನಾಗುತ್ತಾನೆ. ಇನ್ನೊಂದರ ಮೇಲೆ ಹಸುರು ಬಿದ್ದರೆ ತಮ್ಮನು ಮಗಳ ಮದುವೆಗೆಂದು ಆ ನೆಲವನ್ನು ಮಾರಹೊರಟಾಗ ತಕ್ಕ ಬೆಲೆಗೆ ಕೊಳ್ಳುವವರು ದೊರೆಯುವುದಿಲ್ಲ. ಹಸುರಿನ ಮೇಲೆ ರಸ್ತೆಯ ಗೆರೆಯೂ ಹಾಯ್ದರಂತೂ ಹೇಳುವುದೇ ಬೇಡ. ಹಿಂದಿನವರು ಇಂತಹ ವ್ಯತ್ಯಾಸವನ್ನು ಕಂಡಿದ್ದರೆ ಪೂರ್ವಕರ್ಮವೆಂದು ಸುಮ್ಮನಾಗುತ್ತಿದ್ದರು. ಇಲ್ಲಿ ಕರ್ಮವನ್ನು ಮಾಡಿದವನು ಯಾರೆಂಬುದು ಗೊತ್ತಿದೆ. ಅವನು ಇಪ್ಪತ್ತೈದು ವರ್ಷದ ಪದವೀಧರನಾಗಿರುವುದೂ ಉಂಟು.

ಇದಕ್ಕೆ ಪೂರ್ವಪಕ್ಷದವರು ಹೇಳುವ ಮಾತು ಸ್ಪಷ್ಟವಾಗಿದೆ. ವಿದ್ಯೆಯೇ ಅಧಿಕಾರವನ್ನು ಕೊಡುತ್ತದೆ. ವೈದ್ಯನು ರೋಗಿಯ ದೇಹದಲ್ಲಿ ಶಸ್ತ್ರವನ್ನಾಡಿಸುವುದಿಲ್ಲವೆ, ಅದಕ್ಕೆ ಅವನ ವಿದ್ಯೆಯೇ ಆಧಾರವಲ್ಲವೆ, ಎಂದು. ಈ ದೃಷ್ಟಾಂತವು ಮೇಲುನೋಟಕ್ಕೆ ಒಪ್ಪುವಂತಿದ್ದರೂ ಮೂಲದಲ್ಲಿ ಒಂದು ಕೊರತೆಯುಳ್ಳದ್ದು. ರೋಗಿಯು ತಾನಾಗಿ ವೈದ್ಯನ ಮನೆಯ ಬಾಗಿಲಿಗೆ ಬರುತ್ತಾನೆ. ಮನಸ್ಸಿಗೆ ಒಪ್ಪದಿದ್ದರೆ ಬೇರೊಬ್ಬನಲ್ಲಿಗೆ ಹೋಗುತ್ತಾನೆ. ನಗರದ ನಕ್ಷೆಯಾದರೋ ಕರೆಯದವನ ಮನೆಗೂ ಬರುತ್ತದೆ, ಒಲ್ಲದವನ ಅಂಗಳದಲ್ಲಿಯೂ ಹಾಯುತ್ತದೆ.

ಮೀಮಾಂಸಕರು ಅಧಿಕಾರವೆಂಬ ಶಬ್ದವನ್ನು ಬಹಳ ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ಇಂದಿನವರು ಅಧಿಕಾರವೆಂದರೆ ಕುರ್ಚಿಯೆಂದು ತಿಳಿಯುತ್ತಾರೆ. ಅವರ ಮತದಲ್ಲಿ ಕರ್ಮದ ಫಲಕ್ಕೆ ಯಾವನು ಒಡೆಯನೋ ಅವನೇ ಅಧಿಕಾರಿ. ಯಜ್ಞದಲ್ಲಿ ಮಂತ್ರವನ್ನು ಬಲ್ಲವರೂ, ಆಹುತಿಯನ್ನು ಹಾಕುವವರೂ ಋತ್ವಿಜರೇ ಆದರೂ ಅವರು ದಕ್ಷಿಣೆಗೆ ಬಂದವರು. ಫಲವು ಯಜಮಾನನದು, ಆದ್ದರಿಂದ ಕರ್ಮವೂ ಅವನದು. ಈ ಲೆಕ್ಕದಲ್ಲಿ ಪುರಯೋಜಕನು ಎಷ್ಟೇ ಓದಿರಲಿ ಋತ್ವಿಜನೇ ಹೊರತು ಯಜಮಾನನಲ್ಲ. ಮತ್ತು ಅಧಿಕಾರಿಗೆ ಇರಬೇಕಾದ ಲಕ್ಷಣಗಳಲ್ಲಿ ಮುಖ್ಯವಾದವು ಮೂರು: ಅರ್ಥಿತ್ವ, ಸಾಮರ್ಥ್ಯ, ವಿದ್ವತ್ತೆ, ಎಂದರೆ ತನಗೆ ಬೇಕೆಂಬ ಅಪೇಕ್ಷೆ, ಮಾಡುವ ಶಕ್ತಿ, ಮಾಡುವ ಬಗೆಯ ಅರಿವು. ವಿಶ್ವವಿದ್ಯಾನಿಲಯವು ಎರಡು ವರ್ಷಗಳಲ್ಲಿ ಕೊಡಬಲ್ಲದ್ದು ಕೊನೆಯ ಎರಡನ್ನು. ಆ ಬೀದಿಯಲ್ಲಿ ತಾನು ನಾಳೆಯೂ ನೀರು ಹಿಡಿಯಬೇಕು, ತನ್ನ ಮಕ್ಕಳು ಆ ದಾರಿಯಲ್ಲಿಯೇ ಶಾಲೆಗೆ ನಡೆಯಬೇಕು ಎಂಬ ಅರ್ಥಿತ್ವವನ್ನು ಯಾವ ಪದವೀಪತ್ರವೂ ಕೊಡಲಾರದು. ಅದು ಆ ಬೀದಿಯವರಲ್ಲಿಯೇ ಇರುವುದು.

ಇಲ್ಲಿ ಹಳೆಯ ಶಾಸ್ತ್ರದ ಒಂದು ನೋವಿನ ಪ್ರಕರಣವನ್ನು ಮರೆಮಾಚದೆ ಹೇಳಬೇಕಾಗಿದೆ. ಬಾದರಿಯೆಂಬ ಆಚಾರ್ಯರು, ಫಲಾಪೇಕ್ಷೆಯು ಎಲ್ಲರಿಗೂ ಸಮಾನವಾಗಿರುವುದರಿಂದ ನಾಲ್ಕು ವರ್ಣದವರಿಗೂ ಯಜ್ಞಾಧಿಕಾರ ಉಂಟೆಂದು ಅಭಿಪ್ರಾಯಪಟ್ಟರು. ಜೈಮಿನಿಗಳು ಅದನ್ನು ಒಪ್ಪಲಿಲ್ಲ. ಶೂದ್ರನಿಗೆ ಅಪೇಕ್ಷೆ ಇದ್ದರೂ ವೇದಾಧ್ಯಯನವಿಲ್ಲ, ಆದುದರಿಂದ ವಿದ್ಯೆಯಿಲ್ಲ, ಆದುದರಿಂದ ಅಧಿಕಾರವಿಲ್ಲ ಎಂಬುದು ಸಿದ್ಧಾಂತವಾಗಿ ನಿಂತಿತು. ಅಧ್ಯಯನವನ್ನು ನಿಷೇಧಿಸಿದವರೇ ಅಧ್ಯಯನವಿಲ್ಲವೆಂದು ದೂರಮಾಡಿದರು! ಶತಮಾನಗಳ ಕಾಲ ಪಾಠಶಾಲೆಗಳಲ್ಲಿ ಈ ಅಧಿಕರಣವನ್ನು ಹೇಳಿಕೊಟ್ಟವರಿಗೆ ಬಾದರಿಯ ಪಕ್ಷವು ಕೇವಲ ಖಂಡಿಸುವುದಕ್ಕಾಗಿ ಇಟ್ಟ ಪಕ್ಷವಾಗಿ ಕಂಡಿತು. ಇಂದು ಕರಡು ನಕ್ಷೆಯ ಮೇಲೆ ಆಕ್ಷೇಪಣೆ ಹೇಳಲು ಬಂದ ಮುದುಕಿಯನ್ನು ನೋಡಿ, ಇವಳಿಗೆ ನಕ್ಷೆ ಓದಲು ಬಾರದು, ಇವಳ ಮಾತಿನಿಂದೇನು ಎಂದು ಕಡತವನ್ನು ಮುಚ್ಚುವವರು ತಮಗರಿಯದೆಯೇ ಆ ಸಿದ್ಧಾಂತದ ಅನುಯಾಯಿಗಳು. ನಕ್ಷೆಯ ಭಾಷೆಯನ್ನು ಅವಳಿಗೆ ಯಾರು ಕಲಿಸಿದ್ದರು?

ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಶಾಮಶಾಸ್ತ್ರಿಗಳು ತಾಳೆಯ ಗರಿಗಳಿಂದ ಎತ್ತಿ 1909ರಲ್ಲಿ ಅಚ್ಚುಹಾಕಿಸಿದುದು ಕನ್ನಡನಾಡಿನವರೆಲ್ಲರೂ ಹೆಮ್ಮೆಪಡತಕ್ಕ ಸಂಗತಿ. ಅದರಲ್ಲಿ ಜನಪದನಿವೇಶವೆಂಬ ಪ್ರಕರಣವನ್ನು ಓದಿದವರು ಪ್ರಾಂತಯೋಜನೆಯು ಯೂರೋಪಿನಿಂದಲೇ ಬಂದಿತೆಂದು ಹೇಳಲಾರರು. ನೂರರಿಂದ ಐನೂರು ಕುಲಗಳುಳ್ಳ ಗ್ರಾಮಗಳನ್ನು ಒಂದೆರಡು ಕ್ರೋಶಗಳ ಎಲ್ಲೆಯಲ್ಲಿ, ಒಂದಕ್ಕೊಂದು ರಕ್ಷಣೆಯಾಗುವಂತೆ ನೆಲೆಗೊಳಿಸಬೇಕು; ಹತ್ತು ಗ್ರಾಮಗಳಿಗೆ ಸಂಗ್ರಹಣ, 200ಕ್ಕೆ ಖಾರ್ವಟಿಕ, 400ಕ್ಕೆ ದ್ರೋಣಮುಖ, 800ಕ್ಕೆ ಸ್ಥಾನೀಯವೆಂಬ ಪಟ್ಟಣಗಳಿರಬೇಕು. ದಾರಿಗಳಿಗೂ ಅಳತೆ ಉಂಟು: ಗ್ರಾಮಕ್ಕೂ ಸ್ಮಶಾನಕ್ಕೂ ಹೋಗುವ ದಾರಿ 8 ದಂಡ, ಆನೆಯ ಕಾಡಿಗೆ ಹೋಗುವುದು 2 ದಂಡ. ಇಷ್ಟು ಅಚ್ಚುಕಟ್ಟಾದ ಗ್ರಂಥವೇ ದುರ್ಗದೊಳಗೆ ಯಾವ ವರ್ಣದವರು ಯಾವ ದಿಕ್ಕಿನಲ್ಲಿ ಇರಬೇಕೆಂದು ಗೊತ್ತುಮಾಡಿ, ಪಾಷಂಡರಿಗೂ ಚಂಡಾಲರಿಗೂ ಸ್ಮಶಾನದ ಅಂಚನ್ನು ತೋರಿಸಿತು. ಅಳತೆ ತಪ್ಪಿರಲಿಲ್ಲ. ಲೆಕ್ಕವೂ ತಪ್ಪಿರಲಿಲ್ಲ. ಕನ್ನಡನಾಡಿನ ಹಳ್ಳಿಗಳಲ್ಲಿ ಊರು ಬೇರೆ, ಕೇರಿ ಬೇರೆಯಾಗಿ ನಿಂತಿರುವುದನ್ನು ನೋಡಿದರೆ ಇಂತಹ ಗೆರೆಗಳಿಗೆ ಎಷ್ಟು ಆಯುಸ್ಸೆಂಬುದು ಗೊತ್ತಾಗುವುದು.

ಇದು ಭಾರತೀಯರ ದೋಷವೊಂದೇ ಎಂದು ಭಾವಿಸಬೇಕಾಗಿಲ್ಲ. ಅಮೆರಿಕದ ಬಾಲ್ಟಿಮೋರ್ ನಗರವು 1910ರಲ್ಲಿ ಕರಿಯರು ಯಾವ ಬೀದಿಯಲ್ಲಿ ಇರಬಹುದು, ಬಿಳಿಯರು ಯಾವುದರಲ್ಲಿ ಇರಬಹುದು ಎಂದು ಕಾನೂನು ಮಾಡಿತು. ಲೂಯಿವಿಲ್ ನಗರದ ಅಂತಹುದೇ ಕಾನೂನನ್ನು ಆ ದೇಶದ ಪರಮೋಚ್ಚ ನ್ಯಾಯಾಲಯವು 1917ರಲ್ಲಿ ತಳ್ಳಿಹಾಕಿದ ಮೇಲೆ, ಇಷ್ಟು ದೊಡ್ಡ ನಿವೇಶನವಲ್ಲದೆ ಇಲ್ಲಿ ಮನೆ ಕಟ್ಟಕೂಡದೆಂಬ ನಿಯಮಗಳು ಬಹುಕಡೆ ಆ ಕೆಲಸವನ್ನೇ ಸದ್ದಿಲ್ಲದೆ ಮಾಡಿದವು.

ಈ ವಿದ್ಯೆಯು ವಿಶ್ವವಿದ್ಯಾನಿಲಯವನ್ನು ಪ್ರವೇಶಿಸಿದುದೂ ಸರಿಸುಮಾರು ಆ ಕಾಲದಲ್ಲಿಯೇ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಇದಕ್ಕಾಗಿ ಪ್ರತ್ಯೇಕ ವಿಭಾಗವು 1909ರಲ್ಲಿ ಹುಟ್ಟಿತು. ಹಣ ಕೊಟ್ಟವನು ಸಾಬೂನಿನ ಕಾರ್ಖಾನೆಯ ವಿಲಿಯಂ ಲೀವರ್. ಪತ್ರಿಕೆಗಳ ಮೇಲೆ ಮಾನನಷ್ಟದ ದಾವೆ ಹೂಡಿ ಗೆದ್ದ ಹಣದಿಂದ ಕೊಟ್ಟನು. ತನ್ನ ಕೆಲಸಗಾರರಿಗಾಗಿ ಅವನು ಕಟ್ಟಿಸಿದ ಪೋರ್ಟ್ ಸನ್‌ಲೈಟ್ ಎಂಬ ಮಾದರಿ ಗ್ರಾಮವು ಹೂದೋಟಗಳಿಂದ ಇಂದಿಗೂ ಚೆನ್ನಾಗಿದೆ. ಅವನ ಸಾಬೂನಿಗೆ ಬೇಕಾದ ತಾಳೆಯೆಣ್ಣೆಗಾಗಿ 1911ರಿಂದ ಬೆಲ್ಜಿಯಮ್ಮಿನ ವಶದಲ್ಲಿದ್ದ ಕಾಂಗೋ ದೇಶದಲ್ಲಿ ಬಲಾತ್ಕಾರದ ದುಡಿಮೆ ನಡೆಯಿತೆಂಬುದು ಆ ಗ್ರಾಮದ ನಕ್ಷೆಯಲ್ಲಿ ಕಾಣುವುದಿಲ್ಲ. ನಕ್ಷೆಗೆ ಯಾವಾಗಲೂ ನಾಲ್ಕು ಅಂಚುಗಳಿರುತ್ತವಷ್ಟೆ.

ಭಾರತದಲ್ಲಿ ಈ ವಿಚಾರವನ್ನು ಬಿತ್ತಿದವರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಮಹಾಶಯರು. ಅವರು ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ಯಾವ ವಿಶ್ವವಿದ್ಯಾನಿಲಯದ ಪದವಿಯನ್ನೂ ಪರೀಕ್ಷೆ ಕೊಟ್ಟು ಪಡೆದವರಲ್ಲ. ಅಂತಹವರು 1919ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರಗಳ ಪೀಠವನ್ನು ಅಲಂಕರಿಸಿದರೆಂಬುದನ್ನು ಇಂದಿನ ಪದವೀಧರರು ಒಮ್ಮೆ ನೆನೆದರೆ ತಪ್ಪಿಲ್ಲ. 1914ರಲ್ಲಿ ಈ ದೇಶಕ್ಕೆ ಬಂದ ಅವರು ಮುಂದಿನ ವರ್ಷಗಳಲ್ಲಿ ಹತ್ತಾರು ಪಟ್ಟಣಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ವರದಿಗಳನ್ನು ಬರೆದರು. ಆಗ ಪ್ಲೇಗು ಊರೂರುಗಳನ್ನು ತಿನ್ನುತ್ತಿದ್ದ ಕಾಲ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ತರುವಾಯ ಬೆಳೆದ ಬಡಾವಣೆಗಳೆಂಬುದನ್ನೂ, ಮೈಸೂರಿನ ನಗರಾಭಿವೃದ್ಧಿಯ ಮಂಡಲಿಯು 1903ರಲ್ಲಿ ಸ್ಥಾಪಿತವಾಯಿತೆಂಬುದನ್ನೂ ವಾಚಕರು ಬಲ್ಲರು. ಗಾಳಿಬೆಳಕುಗಳಿಲ್ಲದ ಕೇರಿಗಳನ್ನು ಕೆಡವಿ ಅಗಲವಾದ ನೇರ ರಸ್ತೆಗಳನ್ನು ಹಾಯಿಸುವುದೇ ಅಂದಿನ ಇಂಜಿನಿಯರುಗಳಿಗೆ ಸರ್ವರೋಗಕ್ಕೂ ಒಂದೇ ಮದ್ದಾಗಿ ತೋರುತ್ತಿತ್ತು. ಗೆಡ್ಡಿಸರು ಮೊದಲು ನಾಡಿಯನ್ನು ನೋಡಿರಿ, ಆಮೇಲೆ ಮದ್ದು, ಎಂದರು. ತಂಜಾವೂರು ಮುಂತಾದೆಡೆಗಳಲ್ಲಿ ಅವರು ತೋರಿಸಿದ ಮಾರ್ಗವೆಂದರೆ, ಬಿದ್ದುಹೋದ ಒಂದೆರಡು ಮನೆಗಳನ್ನು ಮಾತ್ರ ತೆಗೆದು, ಆ ಜಾಗವನ್ನು ಸಣ್ಣ ಬಯಲಾಗಿ ಬಿಟ್ಟು, ಒಂದು ಮರವನ್ನು ನೆಟ್ಟು, ಉಳಿದ ಮನೆಗಳನ್ನು ಮುಟ್ಟದಿರುವುದು. ಖರ್ಚೂ ಕಡಮೆ, ಕಣ್ಣೀರೂ ಕಡಮೆ.

ಇಂದೂರಿನ ಕಥೆಯನ್ನು ಅವರ ಚರಿತ್ರಕಾರರು ವಿಸ್ತಾರವಾಗಿ ಹೇಳಿದ್ದಾರೆ. ಮನೆಗಳನ್ನು ಕೆಡವಿಸುವುದಕ್ಕೆ ಬಂದ ಸಾಹೇಬನೆಂದು ಜನರು ಗೆಡ್ಡಿಸರನ್ನು ಕಂಡರೆ ಬೆದರುತ್ತಿದ್ದರಂತೆ. ಅವರು ಮಹಾರಾಜರ ಅನುಮತಿಯಿಂದ ಒಂದು ದಿನದ ಮಟ್ಟಿಗೆ ತಾವೇ ಮಹಾರಾಜರಾಗಿ, ದೀಪಾವಳಿಗೆ ಹೊಸ ಬಗೆಯ ಮೆರವಣಿಗೆಯೊಂದು ಹೊರಡುವುದೆಂದು ಸಾರಿಸಿದರು. ಅದು ಯಾವ ಬೀದಿಗಳಲ್ಲಿ ಬರುವುದು? ಯಾವ ಕೇರಿಯವರು ತಮ್ಮ ಮನೆಗಳನ್ನೂ ಬೀದಿಗಳನ್ನೂ ಎಲ್ಲರಿಗಿಂತ ಚೆನ್ನಾಗಿ ಶುಚಿಮಾಡಿ ದುರಸ್ತಿಗೊಳಿಸುವರೋ ಆ ಕೇರಿಯಲ್ಲಿ! ಊರೆಲ್ಲ ಗುಡಿಸಿತು, ಸುಣ್ಣ ಬಳಿಯಿತು. ಬಂಡಿಗಟ್ಟಲೆ ಕಸ ಊರಾಚೆ ಹೋಯಿತು. ಮೆರವಣಿಗೆಯಲ್ಲಿ ಕೊಳೆಯ ರಾಕ್ಷಸನೂ ಪ್ಲೇಗಿನ ದೊಡ್ಡ ಇಲಿಯೂ ಬಂದವು, ಕೊನೆಯಲ್ಲಿ ಸುಟ್ಟುಹೋದವು. ಎಲ್ಲಕ್ಕಿಂತ ಮುಖ್ಯವಾದುದೇನೆಂದರೆ, ಊರನ್ನು ಗುಡಿಸುವವರು ಅಚ್ಚಬಿಳಿಯ ಬಟ್ಟೆಯನ್ನುಟ್ಟು, ಹೊಸ ಮುಂಡಾಸುಗಳನ್ನು ಸುತ್ತಿ, ಹೂವುಗಳನ್ನು ಧರಿಸಿ ಆ ಮೆರವಣಿಗೆಯಲ್ಲಿ ನಡೆದರು. ಕೌಟಿಲ್ಯನು ಸ್ಮಶಾನದ ಅಂಚಿಗೆ ಕಳುಹಿಸಿದವರ ಮಕ್ಕಳು ರಾಜಬೀದಿಯ ನಡುವೆ ಬಂದರು.

ಒಂದು ದಿನ ಮಾತ್ರ, ಎಂದು ಕೆಲವರು ಹೇಳಬಹುದು. ಅದು ನಿಜ. ಮರುದಿನ ಅವರು ಪೊರಕೆಯನ್ನೇ ಹಿಡಿದಿರಬೇಕು. ಗೆಡ್ಡಿಸರನ್ನು ವರಿಸಿದ ಯಜಮಾನನೂ ಇಂದೂರಿನ ಪ್ರಜೆಯಾಗಿರಲಿಲ್ಲ, ದರ್ಬಾರಾಗಿದ್ದಿತು. 1918ರಲ್ಲಿ ಅಚ್ಚಾದ ಅವರ ದೊಡ್ಡ ವರದಿಯು ದರ್ಬಾರಿಗೇ ಬರೆದುದು. ಆದರೂ ಫಲವು ಯಾರದೆಂಬುದು ಆ ಋತ್ವಿಜನಿಗೆ ಮರೆತಿರಲಿಲ್ಲ.

ಋತ್ವಿಜ ಯಜಮಾನರ ಈ ದೃಷ್ಟಾಂತವು ಎಷ್ಟು ದೂರ ನಡೆದೀತೆಂಬುದನ್ನೂ ಪರೀಕ್ಷಿಸಬೇಕು. ಯಜ್ಞದಲ್ಲಿ ಯಜಮಾನನು ಒಬ್ಬನು. ನಗರದಲ್ಲಿ ಲಕ್ಷಗಟ್ಟಲೆ ಯಜಮಾನರು, ಒಬ್ಬರ ಅಪೇಕ್ಷೆ ಇನ್ನೊಬ್ಬರಿಗೆ ವಿರೋಧ. ಹುಟ್ಟದಿರುವ ಯಜಮಾನರೂ ಇದ್ದಾರೆ. 20 ವರ್ಷಗಳ ನಕ್ಷೆಯ ಫಲವನ್ನು ಉಣ್ಣುವವರು ಅವರೇ ಅಲ್ಲವೆ? ಇನ್ನು ಪ್ರಾಂತದ ಮಾತಿಗೆ ಬಂದರೆ ಯಜಮಾನನು ಯಾರೆಂಬುದೇ ತಿಳಿಯದು. ಬೆಂಗಳೂರಿನ ಕೊಳಾಯಿಗೆ ಬರುವ ಕಾವೇರಿಯು ಸುಮಾರು 100 ಕಿಲೋಮೀಟರುಗಳ ದೂರದಿಂದ, 500 ಮೀಟರುಗಳಷ್ಟು ಎತ್ತರಕ್ಕೆ ಯಂತ್ರಗಳಿಂದ ಎತ್ತಲ್ಪಟ್ಟು ಬರುತ್ತದೆ. ಆ ನಗರವು ಬಳಸಿ ಬಿಟ್ಟ ನೀರು, ಶುದ್ಧೀಕರಣವಾದ ಮೇಲೆ, 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಹೊಳೆಯ ದಂಡೆಯ ರೈತನೂ ಕೋಲಾರದ ಕೆರೆಯ ಕೆಳಗಿನ ರೈತನೂ ಬೆಂಗಳೂರಿನ ನಕ್ಷೆಯಲ್ಲಿಲ್ಲ. ಆ ನಕ್ಷೆಯ ಫಲಾಫಲಗಳಲ್ಲಿ ಮಾತ್ರ ಇಬ್ಬರಿಗೂ ಪಾಲುಂಟು.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಬೇರೊಂದಿದೆ. ಯಜ್ಞಶಾಲೆಯಲ್ಲಿ ಋತ್ವಿಜ, ಯಜಮಾನರಲ್ಲದೆ ಯೂಪಕ್ಕೆ ಕಟ್ಟಿದ ಪಶುವೂ ಇರುತ್ತದೆ. ರಸ್ತೆಯ ಗೆರೆಯು ಯಾರ ಮನೆಯ ಮೇಲೆ ಹಾಯ್ದಿತೋ, ಯಾರ ಗುಡಿಸಲು ರಾಜಕಾಲುವೆಯ ಅಂಚಿನಲ್ಲಿದೆಯೆಂದು ತೆಗೆಯಲ್ಪಟ್ಟಿತೋ, ಅವರು ಈ ಮೂವರಲ್ಲಿ ಯಾರು? ಊರಿನ ಹಿತದಲ್ಲಿ ಅವರ ಹಿತವೂ ಸೇರಿದೆ, ಆದುದರಿಂದ ಅವರೂ ಯಜಮಾನರೇ, ಎಂದು ಬಾಯಲ್ಲಿ ಹೇಳುವುದು ಸುಲಭ. ಪರಿಹಾರದ ಹಣವು ಒಂದು ಬಗೆಯ ಉತ್ತರವೇ ಹೊರತು ಪೂರ್ಣವಾದ ಉತ್ತರವಲ್ಲ. ದೊಡ್ಡ ಜಮೀನಿನವನಿಗೆ ಅದು ಸಾಕಾದೀತು, ಬಾಡಿಗೆಯ ಗುಡಿಸಲಿನವನ ಹೆಸರು ಪಟ್ಟಿಯಲ್ಲಿಯೇ ಇರುವುದಿಲ್ಲ. ಅವನನ್ನು ಮೊದಲು ಕೇಳಿದರೋ, ಕೆಡವಿದ ಮೇಲೆ ತಿಳಿಸಿದರೋ ಎಂಬುದರಿಂದ ಅವನು ಯಜಮಾನನೋ ಪಶುವೋ ಎಂಬುದು ಬಹುಮಟ್ಟಿಗೆ ನಿಶ್ಚಯವಾಗುತ್ತದೆ.

1973ರಲ್ಲಿ ಅಮೆರಿಕದ ಬರ್ಕ್ಲಿಯ ಇಬ್ಬರು ಅಧ್ಯಾಪಕರು, ರಿಟೆಲ್ ಮತ್ತು ವೆಬ್ಬರ್ ಎಂಬುವರು, ಒಂದು ಲೇಖನದಲ್ಲಿ ಯೋಜಕನ ಸ್ಥಿತಿಯನ್ನು ವಿಜ್ಞಾನಿಯ ಸ್ಥಿತಿಯೊಡನೆ ಹೋಲಿಸಿದರು. ವಿಜ್ಞಾನಿಯ ಊಹೆ ಸುಳ್ಳಾದರೆ ಅದು ಅವನಿಗೆ ಅವಮಾನವಲ್ಲ, ಶಾಸ್ತ್ರಕ್ಕೆ ಲಾಭವೇ. ಯೋಜಕನಿಗೆ ಆ ಸೌಕರ್ಯವಿಲ್ಲ. ಅವನ ಪ್ರಯೋಗಶಾಲೆಯಲ್ಲಿ ಮನುಷ್ಯರು ವಾಸವಾಗಿದ್ದಾರೆ. ಹಾಕಿದ ರಸ್ತೆಯನ್ನು ಅಳಿಸಿ ಮೊದಲಿನಿಂದ ಬರೆಯುವಂತಿಲ್ಲ. ಆದರೆ ತಪ್ಪದಿರುವವರು ಯಾರು? ಶ್ರೌತಕರ್ಮದಲ್ಲಿ ಇದಕ್ಕೆ ಒಂದು ವ್ಯವಸ್ಥೆ ಉಂಟು. ಬ್ರಹ್ಮನೆಂಬ ಋತ್ವಿಜನು ದಕ್ಷಿಣ ದಿಕ್ಕಿನಲ್ಲಿ ಮೌನವಾಗಿ ಕುಳಿತು ಉಳಿದವರು ಮಾಡುವ ಕರ್ಮವನ್ನು ನೋಡುತ್ತಿರುತ್ತಾನೆ. ಲೋಪವಾದಾಗ ಪ್ರಾಯಶ್ಚಿತ್ತವನ್ನು ಮಾಡುವುದು ಅವನ ಕೆಲಸ. ಲೋಪವಾಗುವುದೆಂದು ಶಾಸ್ತ್ರವು ಮೊದಲೇ ಒಪ್ಪಿಕೊಂಡು ಒಬ್ಬನನ್ನು ಅದಕ್ಕಾಗಿಯೇ ಕೂರಿಸಿದೆ.

ಹಿಟ್ಲರನ ಜರ್ಮನಿಯಿಂದ ದೇಶಭ್ರಷ್ಟರಾಗಿ 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಗಳಾಗಿ ಬಂದ ಆಟೊ ಕ್ಯೋನಿಗ್ಸ್‌ಬರ್ಗರ್ ಅವರ ಜೀವನವು ಇಲ್ಲಿ ನೆನಪಿಗೆ ಬರುತ್ತದೆ. 1948ರಲ್ಲಿ ಭುವನೇಶ್ವರದ ಹೊಸ ನಗರಕ್ಕೆ ನಕ್ಷೆ ಬರೆದವರು ಅವರೇ. ಬಳಿಕ ಭಾರತ ಸರ್ಕಾರದ ವಸತಿ ನಿರ್ದೇಶಕರಾಗಿ, ಮನೆಗಳ ಭಾಗಗಳನ್ನು ಕಾರ್ಖಾನೆಯಲ್ಲಿಯೇ ಎರಕಹೊಯ್ದು ತಂದು ನಿಲ್ಲಿಸುವ ಉದ್ಯಮವನ್ನು ದೆಹಲಿಯಲ್ಲಿ ಆರಂಭಿಸಿದರು, ಅದು ಸಫಲವಾಗಲಿಲ್ಲ. ಅವರು ಲಂಡನ್ನಿಗೆ ಹೋಗಿ ಉಷ್ಣದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ ಬಹುಕಾಲ ಪಾಠ ಹೇಳಿದರು. ಹೇಳಿದ ಪಾಠದ ಸಾರವೇನೆಂದರೆ, 20 ವರ್ಷಗಳಿಗೆ ಒಮ್ಮೆಗೇ ಪೂರ್ಣವಾಗಿ ಬರೆದಿಟ್ಟ ನಕ್ಷೆಯನ್ನು ನಂಬಬೇಡಿರಿ, ಸ್ವಲ್ಪ ಮಾಡಿ, ಆದುದನ್ನು ನೋಡಿ, ತಿದ್ದಿ, ಮತ್ತೆ ಮಾಡಿರಿ, ಎಂಬುದು. ಇದನ್ನು ಅವರು ಗ್ರಂಥಗಳಿಂದ ಮಾತ್ರ ಕಲಿತಿರಲಾರರು.

ಭಾರತದ ಸಂವಿಧಾನಕ್ಕೆ 1992ರಲ್ಲಿ ಆದ 74ನೆಯ ತಿದ್ದುಪಡಿಯು ವಾರ್ಡು ಸಮಿತಿಗಳನ್ನೂ ಜಿಲ್ಲಾ ಯೋಜನಾ ಸಮಿತಿಗಳನ್ನೂ ವಿಧಿಸಿತು. ಕೇರಳದಲ್ಲಿ 1996ರಿಂದ ಗ್ರಾಮಸಭೆಗಳಲ್ಲಿ ಕುಳಿತ ಜನರೇ ತಮ್ಮ ಊರಿನ ಯೋಜನೆಯನ್ನು ಚರ್ಚಿಸುವ ದೊಡ್ಡ ಪ್ರಯತ್ನವೊಂದು ನಡೆಯಿತು. ಸತ್ರವೆಂಬ ಯಾಗದಲ್ಲಿ 17ರಿಂದ 24 ಮಂದಿ ಸೇರಿ ತಾವೇ ಋತ್ವಿಜರೂ ತಾವೇ ಯಜಮಾನರೂ ಆಗಿರುತ್ತಾರೆ. ಅಲ್ಲಿ ದಕ್ಷಿಣೆಯೂ ಇಲ್ಲ. ಕೇರಳದ ಪ್ರಯತ್ನವು ಆ ಬಗೆಯದೆನ್ನಬಹುದು. ಹಾಗಾದರೆ ಓದಿದವರು ಬೇಡವೆ? ಖಂಡಿತವಾಗಿ ಬೇಕು. ಮಳೆಯ ನೀರು ಯಾವ ಕಡೆಗೆ ಹರಿಯುವುದೆಂಬುದನ್ನು ಬಹುಮತದಿಂದ ನಿರ್ಣಯಿಸುವುದಕ್ಕಾಗುವುದಿಲ್ಲ. ಕೆರೆಯ ಅಂಗಳದಲ್ಲಿ ನಿವೇಶನ ಬೇಕೆಂದು ಊರೆಲ್ಲ ಕೈಯೆತ್ತಿದರೂ ಕೂಡದೆಂದು ಹೇಳತಕ್ಕವನು ಒಬ್ಬನು ಬೇಕು. ಯಜಮಾನನು ಅಪಮಂತ್ರವನ್ನು ಕೇಳಿದನೆಂದು ಒಳ್ಳೆಯ ಋತ್ವಿಜನು ಅದನ್ನು ಹೇಳುವುದಿಲ್ಲ.

ಪದವಿಯ ಕೊನೆಯ ಅರ್ಧವರ್ಷದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಪ್ರಬಂಧವನ್ನು ಬರೆಯಬೇಕು. ಒಂದು ಕೇರಿಯನ್ನೋ ಊರನ್ನೋ ಆರಿಸಿಕೊಂಡು, ಮನೆಮನೆಗೂ ಹೋಗಿ, ನಿಮ್ಮ ಮನೆಯಲ್ಲಿ ಎಷ್ಟು ಜನ, ನೀರು ಎಷ್ಟು ಹೊತ್ತು ಬರುತ್ತದೆ, ಕೆಲಸಕ್ಕೆ ಎಷ್ಟು ದೂರ ಹೋಗುವಿರಿ ಎಂದು ಕೇಳಿ ಬರೆದುಕೊಳ್ಳುತ್ತಾನೆ. ಆ ಮನೆಯವರು ಅಡುಗೆಯನ್ನು ಅರ್ಧಕ್ಕೆ ನಿಲ್ಲಿಸಿ ಉತ್ತರ ಹೇಳುತ್ತಾರೆ. ಕೆಲವರು ಕಾಫಿಯನ್ನೂ ಕೊಡುತ್ತಾರೆ. ಪ್ರಬಂಧವು ಗಟ್ಟಿ ರಟ್ಟಿನ ಹೊದಿಕೆಯಲ್ಲಿ, ಹೊಂಬಣ್ಣದ ಅಕ್ಷರಗಳಲ್ಲಿ ಸಿದ್ಧವಾಗುತ್ತದೆ. ಗುರುಗಳೂ, ಹೊರಗಿನಿಂದ ಬಂದ ಪರೀಕ್ಷಕರೂ ಅದನ್ನು ಓದಿ ಪ್ರಶ್ನೆಗಳನ್ನು ಕೇಳುತ್ತಾರೆ. ಆಮೇಲೆ ಅದು ಪುಸ್ತಕಭಂಡಾರವನ್ನು ಸೇರುತ್ತದೆ. ಉತ್ತರ ಹೇಳಿದ ಮನೆಯವರಲ್ಲಿ ಎಷ್ಟು ಮಂದಿ ಅದನ್ನು ಕಂಡಿದ್ದಾರು?

ಆ ಮೌಖಿಕ ಪರೀಕ್ಷೆಯನ್ನು ಆ ಕೇರಿಯಲ್ಲಿಯೇ, ಅರಳಿಕಟ್ಟೆಯ ಮೇಲೆ ಏಕೆ ನಡೆಸಬಾರದು? ನಕ್ಷೆಯನ್ನು ಮರಕ್ಕೆ ತೂಗುಹಾಕಲಿ. ಗುರುಗಳು ತಮ್ಮ ಪ್ರಶ್ನೆಗಳನ್ನು ಕೇಳಿ ಮುಗಿಸಿದ ಮೇಲೆ, ಕಾಫಿ ಕೊಟ್ಟ ಮನೆಯ ಗೃಹಿಣಿಯು ಎದ್ದು ನಿಂತು, ಇದರಲ್ಲಿ ನಮ್ಮ ಮನೆ ಎಲ್ಲಿದೆ ತೋರಿಸಪ್ಪ, ಅದರ ಮೇಲೆ ಈ ಬಣ್ಣವೇಕೆ ಹಚ್ಚಿದೆ, ಎಂದು ಕೇಳಲಿ. ಅವನು ಹೇಳುವ ಉತ್ತರವನ್ನು ಕನ್ನಡದಲ್ಲಿಯೇ ಹೇಳಬೇಕಾಗುವುದು.